ಕಾಯಿದೆಯ ನೆರಳು ಯಾರಿಗೆ?

ದುಡಿಯುವ ಸ್ಥಳದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಆದ ಕಾಯಿದೆಯನ್ನು ಗಂಡು ಹೆಣ್ಣೆಂಬ ಭೇದವಿಲ್ಲದಂತೆ ತಿದ್ದಬೇಕೆಂಬ ಕೂಗು ಕೇಳಿಬರುತ್ತಿದೆ. ಕೂಗುವವರಲ್ಲಿ ಎರಡು ಬಗೆಯವರಿದ್ದಾರೆ. ನಿಜವಾಗಿ ನೊಂದವರು ಕೆಲವರು. ಕಾಯಿದೆ ಬಂದ ದಿನದಿಂದಲೂ ಅದನ್ನು ಕಂಡರಾಗದವರು ಇನ್ನು ಕೆಲವರು. ಎರಡನೆಯವರ ಗಂಟಲು ದೊಡ್ಡದೆಂದು ಮೊದಲನೆಯವರ ಮಾತಿಗೆ ನಾವು ಕಿವಿ ಮುಚ್ಚಿಕೊಳ್ಳಲಾಗದು.

ಈ ಕಾಯಿದೆ ಸರಕಾರ ಕೈಯೆತ್ತಿ ಕೊಟ್ಟ ದಾನವಲ್ಲ. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲು ಹೋದ ಸರಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿಯವರು, 1992ರಲ್ಲಿ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರವಾಯಿತೆಂದು ದೂರಿತ್ತರು. ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. ಆಕೆಯ ಪರವಾಗಿ ಎದ್ದ ಚಳವಳಿಯಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. ತೀರ್ಪು ಶಾಸನವಾಗಲು ಮತ್ತೆ 16 ವರ್ಷ ಹಿಡಿಯಿತು.

ಆದರೆ ಆ ಶಾಸನದ ಪ್ರಕಾರ ‘ನೊಂದ ಮಹಿಳೆ’ಗೆ ಮಾತ್ರ ಪರಿಹಾರ. ಲಾರಿಯ ಕ್ಲೀನರ್, ಖಾನಾವಳಿಯ ಮಾಣಿ, ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗುವ ಆಳು, ಇವರಿಗೇನು ಗತಿ? ಇಂಥ ಹುಡುಗರಿಗೆ ಏನಾಗುತ್ತದೆಂಬುದು ಊರಿಗೆಲ್ಲ ಗೊತ್ತು; ಊರು ಆಡಿಕೊಂಡು ನಗುತ್ತದೆ, ಅಷ್ಟೆ. ಹುಡುಗನಿಗೆ 18 ತುಂಬಿರದಿದ್ದರೆ 2012ರ ಪೋಕ್ಸೊ ಕಾಯಿದೆ ಹೆಣ್ಣುಮಗುವನ್ನು ಕಾಯುವಂತೆಯೇ ಅವನನ್ನೂ ಕಾಯುತ್ತದೆ. ತುಂಬಿದ ಮರುದಿನ ಆ ರಕ್ಷಣೆ ಇಲ್ಲ. ಹಿಂದೆ ದಂಡಸಂಹಿತೆಯ 377ನೆಯ ಕಲಮು ಇತ್ತು. ಒಪ್ಪಿತ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಅದರ ಭಾಗವನ್ನು 2018ರಲ್ಲಿ ಸುಪ್ರೀಂ ಕೋರ್ಟು ತೆಗೆದದ್ದು ಸರಿಯೇ. ಬಲಾತ್ಕಾರದ ಭಾಗವನ್ನು ಉಳಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆ ಅದನ್ನೂ ಬಿಟ್ಟಿತು. ಉಳಿಸಿಕೊಳ್ಳಿರೆಂದು ಸಂಸತ್ತಿನ ಸ್ಥಾಯೀ ಸಮಿತಿ 2023ರಲ್ಲೇ ಹೇಳಿತ್ತು. ಇಂದು ಬೆಳೆದ ಗಂಡಸಿನ ಮೇಲೆ ಬಲಾತ್ಕಾರವಾದರೆ ಹಲ್ಲೆ, ಗಾಯಗಳ ಸಾಮಾನ್ಯ ಕಲಮುಗಳೇ ಗತಿ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ. ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯಿದೆಯಲ್ಲಿ ಗರಿಷ್ಠವೇ 2 ವರ್ಷ! ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟ ವ್ಯಾಪಾರಿಯನ್ನು ಏನೆಂದು ಕರೆಯುತ್ತೀರಿ?

ಆದುದರಿಂದ ನೊಂದವರು ಯಾರೇ ಇರಲಿ, ದೂರಿನ ಬಾಗಿಲು ತೆರೆಯಬೇಕೆಂಬುದು ನಮ್ಮ ನಿಲುವು. 2013ರ ಜನವರಿಯಲ್ಲಿ ವರ್ಮಾ ಸಮಿತಿಯೂ ನೊಂದವರ ವಿಷಯದಲ್ಲಿ ಹೀಗೆಯೇ ಹೇಳಿತ್ತು. ಮರುತಿಂಗಳ ಸುಗ್ರೀವಾಜ್ಞೆ ಆರೋಪಿಯ ವಿಷಯದಲ್ಲೂ ಭೇದವನ್ನು ಅಳಿಸಹೋಯಿತು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದುವು. ಅವರ ಭಯ ಸುಳ್ಳಲ್ಲ. ಗಿರಣಿಯ ಹೆಂಗಸು ಸೂಪರ್‌ವೈಸರನ ಮೇಲೆ ದೂರು ಕೊಟ್ಟಳೆನ್ನಿ; ನಾಳೆ ಅವನು ‘ಅವಳೇ ನನ್ನ ಮೈಮೇಲೆ ಬಿದ್ದಳು’ ಎಂದು ಎದುರು ದೂರು ಹಾಕುತ್ತಾನೆ. ಅವನ ಬೆನ್ನಿಗೆ ಮಾಲೀಕನ ವಕೀಲ, ಅವಳ ಬೆನ್ನಿಗೆ ಯಾರು? ಆದ್ದರಿಂದ ಮೊದಲ ದೂರಿನ ವಿಚಾರಣೆ ಮುಗಿಯುವವರೆಗೆ ಮೇಲಿನವನ ಎದುರು ದೂರನ್ನು ಎತ್ತಿಕೊಳ್ಳಬಾರದೆಂಬ ಮಾತು ತಿದ್ದುಪಡಿಯಲ್ಲೇ ಇರಬೇಕು. ಸುಳ್ಳು ದೂರಿನ ಅಂಜಿಕೆಗೆ ಈಗಿನ ಕಾಯಿದೆಯ 14ನೆಯ ಕಲಮೇ ಸಾಕು. ಅಸಮರ ನಡುವೆ ಸಮಾನ ಅವಕಾಶ ಸಾಲದು, ವಿಶೇಷ ಅವಕಾಶ ಬೇಕೆಂದು ಲೋಹಿಯಾ ವಾದಿಸುತ್ತಿದ್ದುದು ಇದಕ್ಕೇ.

ಇದ್ದ ಕಾಯಿದೆಯಾದರೂ ನಡೆಯುತ್ತಿದೆಯೆ? 10 ಮಂದಿ ದುಡಿಯುವ ಕಡೆಯೆಲ್ಲ ಆಂತರಿಕ ಸಮಿತಿ ಇರಲೇಬೇಕು, ಅದನ್ನು ನೇಮಿಸಿದ ಆಜ್ಞೆಯನ್ನು ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಜಾರಿಯ ಲೋಪಗಳನ್ನು ಕಂಡು 2023ರಲ್ಲೂ 2024ರ ಡಿಸೆಂಬರಿನಲ್ಲೂ ಸುಪ್ರೀಂ ಕೋರ್ಟೇ ನಿರ್ದೇಶನ ಕೊಡಬೇಕಾಯಿತು. ನಿಮ್ಮ ಗಿರಣಿಯ ಗೋಡೆಯ ಮೇಲೆ ಆ ಆಜ್ಞೆ ಇದೆಯೇ ನೋಡಿರಿ; ಇಲ್ಲದಿದ್ದರೆ ಯೂನಿಯನ್ನಿನ ಮುಂದಿನ ಸಭೆಯಲ್ಲಿ ಕೇಳಿರಿ. ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು: ಹತ್ತಕ್ಕಿಂತ ಕಡಮೆ ಜನರಿರುವ ಅಂಗಡಿಯ ಹೆಣ್ಣಾಳು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರೆದು ದೂರಬಹುದು. ಅದೇ ಅಂಗಡಿಯ ಹುಡುಗನಿಗೆ ಆ ದಾರಿ ಇಂದಿಗೂ ಇಲ್ಲ. ಮತ ಕೇಳಲು ಬರುವ ಲೋಕಸಭಾ ಸದಸ್ಯರನ್ನು ಮೊದಲು ಇದನ್ನೇ ಕೇಳಿರಿ.