ಯಂತ್ರದ ನಾಡಿ

ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ತಗುಲಿಸಿ, ಒಳಗಿನ ಬೇರಿಂಗು ಸವೆದಿದೆಯೆಂದು ಹೇಳಬಲ್ಲ ಮೇಸ್ತ್ರಿಗಳುಂಟು. ಆ ಕಿವಿಯ ಕೆಲಸವನ್ನೇ ಇಂದು ಡಿಜಿಟಲ್ ಕಂಪನ ಸಂವೇದಕವು ಮಾಡುತ್ತದೆ. ಯಂತ್ರದ ಮೈಗಂಟಿದ ಈ ಪುಟ್ಟ ಉಪಕರಣವು ನಡುಕವನ್ನು ಅಂಕಿಗಳಾಗಿ ಮಾರ್ಪಡಿಸುತ್ತದೆ. ತೂಕ ತಪ್ಪಿದ ಚಕ್ರದ ನಡುಕ ಒಂದು ಬಗೆ, ಬಿರುಕುಬಿಟ್ಟ ಬೇರಿಂಗಿನದು ಮತ್ತೊಂದು ಬಗೆ. ಮೇಸ್ತ್ರಿಗೆ ನಿದ್ರೆಯುಂಟು, ಇದಕ್ಕಿಲ್ಲ.

ಆದರೆ ನಾಡಿ ನೋಡಿದ ಮಾತ್ರಕ್ಕೆ ರೋಗ ವಾಸಿಯಾದೀತೆ? ಸೈಬೀರಿಯದ ಯೆನಿಸೇ ನದಿಗೆ ಕಟ್ಟಿದ ಸಯಾನೊ-ಶುಶೆನ್ಸ್ಕಯಾ ಜಲವಿದ್ಯುದಾಗಾರದಲ್ಲಿ 640 ಮೆಗಾವಾಟಿನ ಹತ್ತು ಯಂತ್ರಗಳಿದ್ದವು. ಎರಡನೆಯ ಯಂತ್ರದ ಕಂಪನವು ಕೆಲವು ತಿಂಗಳುಗಳಿಂದ ಏರುತ್ತಲೇ ಬಂದಿತ್ತು. ತನಿಖಾ ವರದಿಯ ಪ್ರಕಾರ, 160 ಮೈಕ್ರೋಮೀಟರು ಮೀರಬಾರದಿದ್ದ ಅದು 2009ರ ಆಗಸ್ಟ್ 17ರ ಬೆಳಿಗ್ಗೆ 840ನ್ನು, ಎಂದರೆ ಮುಕ್ಕಾಲು ಮಿಲಿಮೀಟರಿಗೂ ಹೆಚ್ಚನ್ನು ಮುಟ್ಟಿತ್ತು. ಯಂತ್ರವನ್ನು ಯಾರೂ ನಿಲ್ಲಿಸಲಿಲ್ಲ. ಮೇಲ್ಮುಚ್ಚಳವನ್ನು ಬಿಗಿದಿದ್ದ ಬೋಲ್ಟುಗಳು ಕಿತ್ತೊಡನೆ ಆ ಮಹಾಯಂತ್ರವೇ ನೆಲೆಯಿಂದ ಮೇಲೆದ್ದಿತು, ನೀರು ನುಗ್ಗಿತು, 75 ಮಂದಿ ಮಡಿದರು.

ಅನಂತರ 49 ಬೋಲ್ಟುಗಳನ್ನು ಪರೀಕ್ಷಿಸಲಾಗಿ, 41ರಲ್ಲಿ ಲೋಹ ದಣಿದು ಮೂಡಿದ ಬಿರುಕುಗಳು ಕಂಡುಬಂದುವು. ಆರು ಬೋಲ್ಟುಗಳಿಗಂತೂ ನಟ್ಟು ಇದ್ದ ಗುರುತೇ ಇರಲಿಲ್ಲ!