ಅಡಿಪಾಯ ಎರವಲಾದರೆ ಮನೆ ಯಾರದು?

2023ರ ಜನವರಿಯಲ್ಲಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ರೂಪುಗೊಂಡ 'ಭಾರ್‌ಓಎಸ್' ಮೊಬೈಲ್ ಕಾರ್ಯಾಚರಣ ವ್ಯವಸ್ಥೆ ಪ್ರಕಟವಾದಾಗ ಸಂಭ್ರಮದ ಜತೆಗೆ ಕುಹಕವೂ ಕೇಳಿಬಂತು. ಆಂಡ್ರಾಯ್ಡ್‌ನ ಮುಕ್ತ ಆಕರದ ಮೇಲೆ ಕಟ್ಟಿದ್ದು ಸ್ವದೇಶಿ ಹೇಗಾದೀತು ಎಂಬುದು ಆಕ್ಷೇಪ.

ಆದರೆ ಆಂಡ್ರಾಯ್ಡ್ ಕೂಡ ಬರಿನೆಲದಿಂದ ಎದ್ದುದಲ್ಲ. ಯಂತ್ರಾಂಶ ಹಾಗೂ ಸ್ಮೃತಿಯ ನಿರ್ವಹಣೆಗೆ ಅದು ನೆಚ್ಚಿದ್ದು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಅನ್ನು. ಅದರ ಮೇಲೆ ಡಾಲ್ವಿಕ್ ಎಂಬ ವರ್ಚುವಲ್ ಮಷೀನ್ ಕೂರಿಸಿ, ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶಗಳು ಬಗೆಬಗೆಯ ಪ್ರೊಸೆಸರ್‌ಗಳಲ್ಲಿ ನಡೆಯುವಂತೆ ಮಾಡಲಾಯಿತು. 2014ರಲ್ಲಿ ಡಾಲ್ವಿಕ್ ಸ್ಥಾನಕ್ಕೆ ಎಆರ್‌ಟಿ ಬಂತು, ಕರ್ನೆಲ್ ಉಳಿಯಿತು.

ಎರವಲಿಗೆ ಬೆಲೆಯೂ ಉಂಟು. ಜಾವಾದ ಒಡೆತನ ಪಡೆದ ಒರಾಕಲ್ 2010ರಲ್ಲಿ ಹೂಡಿದ ದಾವೆ, 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗೂಗಲ್ ಪರ ತೀರ್ಪು ನೀಡುವವರೆಗೂ ಎಳೆಯಿತು.

ಹಾಗಿದ್ದೂ ನಿಜವಾದ ಹಿಡಿತವಿರುವುದು ಅಡಿಪಾಯದಲ್ಲಲ್ಲ, ಹೆಬ್ಬಾಗಿಲಲ್ಲಿ. 2019ರಲ್ಲಿ ಅಮೆರಿಕ ನಿರ್ಬಂಧ ಹೇರಿದಾಗ ಚೀನಾದ ಹುವಾವೆಗೆ ಆಂಡ್ರಾಯ್ಡ್‌ನ ಮುಕ್ತ ಆಕರ ದಕ್ಕುತ್ತಲೇ ಇತ್ತು. ಹೊಸ ಫೋನ್‌ಗಳಿಗೆ ತಪ್ಪಿಹೋದದ್ದು ಗೂಗಲ್‌ನ ಪ್ಲೇ ಸ್ಟೋರ್ ಮತ್ತು ಸೇವೆಗಳು. ನಮ್ಮ ಸ್ಪರ್ಧಾ ಆಯೋಗ 2022ರಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿದ್ದೂ ಈ ಸೇವೆಗಳನ್ನು ಫೋನ್ ತಯಾರಕರ ಮೇಲೆ ಹೇರಿದ ಕ್ರಮಕ್ಕಾಗಿಯೇ.

ಆದ್ದರಿಂದ ಎರವಲು ತಂದದ್ದು ನಾಚಿಕೆಯ ವಿಷಯವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಭದ್ರತಾ ಲೋಪಗಳನ್ನು ವರ್ಷಾನುವರ್ಷ ಮುಚ್ಚುವವರು ಯಾರು? ಬ್ಯಾಂಕಿನ, ರೈಲಿನ, ಪಾವತಿಯ ತಂತ್ರಾಂಶಗಳು ಗೂಗಲ್ ಸೇವೆಗಳಿಲ್ಲದೆಯೂ ನಡೆಯುವವೇ? ಇವಕ್ಕೆ ಉತ್ತರವಿಲ್ಲದಿದ್ದರೆ ಸ್ವಾವಲಂಬನೆ ಎಂಬುದು ಪರದೆಯ ಮೇಲಿನ ಹೆಸರಿಗಷ್ಟೇ ಸೀಮಿತವಾದೀತು.