ಉಯಿಲು ಬರೆಸುವುದು ಅಪಶಕುನವಲ್ಲ



ಕಳೆದ ಕಾರ್ತಿಕದಲ್ಲಿ ಮಠದ ದಾಸೋಹದ ಪಂಕ್ತಿಯಲ್ಲಿ ಅಜ್ಜಂಪುರ ಕಡೆಯ ಹಿರಿಯರೊಬ್ಬರು ನನ್ನ ಪಕ್ಕ ಕುಳಿತಿದ್ದರು. ವಯಸ್ಸು ಎಂಬತ್ತು ದಾಟಿದೆ. ಮೂರು ಎಕರೆ ಅಡಿಕೆ ತೋಟ, ಒಂದಿಷ್ಟು ಖುಷ್ಕಿ, ಊರಲ್ಲಿ ಮನೆ, ಕಡೂರಿನಲ್ಲಿ ಒಂದು ಸೈಟು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮಾತಿನ ನಡುವೆ “ವಿಲ್ ಮಾಡಿಸಿದ್ದೀರಾ ಯಜಮಾನರೇ?” ಎಂದು ಕೇಳಿದೆ. ಅವರು ತುತ್ತು ಕೆಳಗಿಟ್ಟು, “ಏನ್ ಇಂಜಿನಿಯರೇ, ಊಟಕ್ಕೆ ಕೂತಾಗ ನನ್ನ ಕಳಿಸೋ ಮಾತಾಡ್ತೀರಲ್ಲ” ಎಂದರು. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ನಾವು ರಾಹುಕಾಲ ನೋಡುವುದಿಲ್ಲ, ಪಂಚಾಂಗ ಕೇಳುವುದಿಲ್ಲ, ಮರಣವನ್ನು ಸೂತಕವೆನ್ನದೆ ಲಿಂಗೈಕ್ಯವೆನ್ನುತ್ತೇವೆ. ವೇದಿಕೆಯ ಮೇಲೆ ಇಷ್ಟೆಲ್ಲ ಹೇಳುವ ನಾವು, ನಾನಿಲ್ಲದ ಮೇಲೆ ನನ್ನ ಆಸ್ತಿ ಯಾರಿಗೆ ಎಂದು ಒಂದು ಹಾಳೆಯಲ್ಲಿ ಬರೆಯಲು ಮಾತ್ರ ಶಕುನ ನೋಡುತ್ತೇವೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಇಂಜಿನಿಯರಾಗಿ ದುಡಿದವನು ನಾನು. ರಸ್ತೆಗೋ ನಾಲೆಗೋ ಜಮೀನು ಬೇಕಾದಾಗ ನಕ್ಷೆ ಹಿಡಿದು ಹೊಲಕ್ಕೆ ಮೊದಲು ಹೋಗುವವರು ನಾವೇ. ನಮ್ಮ ಭಾಗದಲ್ಲಿ ಭದ್ರಾ ಮೇಲ್ದಂಡೆಯ ನಾಲೆ ಮತ್ತು ಅಜ್ಜಂಪುರದ ಸುರಂಗ ಬಂದವು. ಕಡೂರು, ಬೀರೂರು, ತರೀಕೆರೆ ಹಾದುಹೋಗುವ ತುಮಕೂರು–ಹೊನ್ನಾವರ ಹೆದ್ದಾರಿ ಅಗಲವಾಯಿತು. ಇಂಥ ಕಾಮಗಾರಿಗಳಲ್ಲಿ ಪಹಣಿ ತೆಗೆದು ನೋಡಿದರೆ ಎಷ್ಟೋ ಕಡೆ ಖಾತೆ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ತಾತ ಹೋಗಿ ನಲವತ್ತು ವರ್ಷ. ಪೌತಿ ಖಾತೆ ಆಗಿಲ್ಲ, ವಿಭಾಗ ಆಗಿಲ್ಲ, ಬರೆದಿಟ್ಟದ್ದೂ ಇಲ್ಲ. ಹಕ್ಕುದಾರರಲ್ಲಿ ತಕರಾರು ಬಂದರೆ ಪರಿಹಾರದ ಹಣ ಕೋರ್ಟಿಗೆ ಜಮೆಯಾಗುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆ ಹಣದ ಆಸೆಯಿಂದ ಅಣ್ಣತಮ್ಮಂದಿರು ಮಾತು ಬಿಟ್ಟರು. ಕೊನೆಗೆ ತಾಯಿಯ ಶಿವಗಣಾರಾಧನೆಯನ್ನು ಎರಡು ಮನೆಯಲ್ಲಿ ಎರಡು ದಿನ ಮಾಡಿದರು. ಹಣ ಇನ್ನೂ ಬಂದಿಲ್ಲ.

ಉಯಿಲು ಇಲ್ಲದಿದ್ದರೆ ಏನಾಗುತ್ತದೆ? ಪ್ರತ್ಯೇಕ ಧರ್ಮದ ಚರ್ಚೆ ಎಲ್ಲಿಗೇ ಮುಟ್ಟಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮು ವೀರಶೈವ, ಲಿಂಗಾಯತ ಎಂದು ಹೆಸರು ಹೇಳಿಯೇ ನಮ್ಮನ್ನು ಒಳಗೆ ಸೇರಿಸಿದೆ. ಅದರಂತೆ ಗಂಡಸಿನ ಸ್ವಯಾರ್ಜಿತ ಆಸ್ತಿ ಅವನ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹಂಚಿಹೋಗುತ್ತದೆ. “ತೋಟ ಚಿಕ್ಕವನಿಗೆ, ಅವನೇ ನೀರು ಹಾಯಿಸಿದವನು” ಎಂದು ಜಗುಲಿಯ ಮೇಲೆ ನೂರು ಸಲ ಹೇಳಿದ್ದರೂ ಆ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಮಾಡಿಸಿದ್ದೇನಲ್ಲ ಎನ್ನುವವರಿದ್ದಾರೆ. ನಾಮಿನಿ ಹಣ ಪಡೆದುಕೊಳ್ಳಬಹುದು, ಅಷ್ಟಕ್ಕೇ ಅವನು ಒಡೆಯನಾಗುವುದಿಲ್ಲ. ವಾರಸುದಾರರು ಕೇಳಿದರೆ ಲೆಕ್ಕ ಕೊಡಬೇಕು.

ಇನ್ನು ಹೆಣ್ಣುಮಕ್ಕಳ ವಿಷಯ. ಹೆಚ್ಚು ಹೇಳಬೇಕಾದದ್ದು ಇಲ್ಲೇ ಇದೆ.

ಹೆಣ್ಣಿಗೂ ಇಷ್ಟಲಿಂಗ ಕೊಟ್ಟ ಪರಂಪರೆ ನಮ್ಮದು ಎಂದು ಭಾಷಣದಲ್ಲಿ ಹೇಳುತ್ತೇವೆ. ಅದೇ ಮಗಳನ್ನು ಹಬ್ಬಕ್ಕೆ ಕರೆದು, ಅರಿಶಿನ ಕುಂಕುಮ ಕೊಟ್ಟು, ಉಪನೋಂದಣಾಧಿಕಾರಿ ಕಛೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಈಗ ಕೆಲವರಿಗೆ ಉಯಿಲು ನೆನಪಾಗಿರುವುದೂ ಮಗಳನ್ನು ತಪ್ಪಿಸುವ ದಾರಿಯಾಗಿ. ಅವರಿಗೆ ತಿಳಿದಿರಲಿ: ನಮ್ಮ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತ್ತು, 2005ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಅಂದು ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿದೆ. ಪಿತ್ರಾರ್ಜಿತದಲ್ಲಿ ಯಜಮಾನ ಉಯಿಲು ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ. ಮಗಳ ಪಾಲನ್ನು ಬರೆಯಲು ಅವನು ಯಾರು?

ಉಯಿಲಿನ ಅಗತ್ಯ ಗಂಡಸರಿಗಿಂತ ನಮ್ಮ ತಾಯಂದಿರಿಗೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಕೇಳಿ. 1955ರಲ್ಲಿ ಮದುವೆಯಾದ ಮೂರೇ ತಿಂಗಳಿಗೆ ಒಬ್ಬ ಹೆಣ್ಣುಮಗಳ ಗಂಡ ಹಾವು ಕಚ್ಚಿ ತೀರಿಕೊಂಡ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸಕ್ಕೆ ಸೇರಿದಳು, ದುಡಿದಳು, 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡಳು. ಅವಳ ಬ್ಯಾಂಕಿನ ಹಣ, ಭವಿಷ್ಯನಿಧಿ ಯಾರಿಗೆ? 2009ರಲ್ಲಿ ತೀರ್ಪಾಯಿತು: ಓದಿಸಿದ ತವರಿಗಲ್ಲ, ಗಂಡನ ಅಕ್ಕತಂಗಿಯ ಮಕ್ಕಳಿಗೆ. ಸಹಾನುಭೂತಿ ನೋಡಿ ತೀರ್ಪು ಕೊಡಲಾಗದು, 15ನೇ ಕಲಮು ಹೇಳುವುದು ಇದನ್ನೇ ಎಂದಿತು ಕೋರ್ಟು. ಮಕ್ಕಳಿಲ್ಲದೆ ತವರಿನಲ್ಲೇ ಬಾಳುತ್ತಿರುವ, ಟೀಚರಾಗಿ ನರ್ಸಾಗಿ ದುಡಿದ ಎಷ್ಟು ಅಕ್ಕಂದಿರು ನಮ್ಮ ಮೂರು ತಾಲ್ಲೂಕುಗಳಲ್ಲಿದ್ದಾರೆ, ನೀವೇ ಎಣಿಸಿ. ಎರಡು ಹಾಳೆಯ ಉಯಿಲಿದ್ದರೆ ಇದು ಆಗುತ್ತಿರಲಿಲ್ಲ.

ಸರಿ, ಬರೆಯುವುದು ಹೇಗೆ? ಕಾನೂನು ಕೇಳುವುದು ಬಹಳ ಕಡಿಮೆ. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಷ್ಟು ಸುಲಭವಾದ್ದರಿಂದಲೇ ಯಾರೋ ಟೈಪು ಮಾಡಿದ ಹಳೆಯ ಪ್ರತಿಯಲ್ಲಿ ಹೆಸರು ಬದಲಿಸಿ ಸಹಿ ಹಾಕುತ್ತಾರೆ. ನಕ್ಷೆಯಿಲ್ಲದೆ ಸೇತುವೆ ಕಟ್ಟಿದ ಹಾಗೆ. ನಾನು ನೋಡಿದ ಒಂದು ಉಯಿಲಿನಲ್ಲಿ ಪೋಡಿಗೆ ಮುಂಚಿನ ಸರ್ವೆ ನಂಬರು ಇತ್ತು, ಹಿಸ್ಸಾ ಇರಲಿಲ್ಲ, ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿತ್ತು. ಸಾಕ್ಷಿಗಳಿಬ್ಬರೂ ಬರೆದವರಿಗಿಂತ ಹಿರಿಯರು, ಅವರಿಗಿಂತ ಮೊದಲೇ ಹೋಗಿಬಿಟ್ಟಿದ್ದರು. ಕೋರ್ಟಿನಲ್ಲಿ ಕನಿಷ್ಠ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಯಾರೂ ಉಳಿದಿಲ್ಲವೆಂದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಿಕೊಂಡು ಅಲೆಯಬೇಕು. “ಇಲ್ಲಿ ಹೇಳದೆ ಉಳಿದ ಆಸ್ತಿ ಇಂಥವರಿಗೆ” ಎಂಬ ಒಂದು ಸಾಲು ಬರೆಯದ್ದರಿಂದ ಕಡೂರಿನ ಸೈಟು ತಕರಾರಿಗೆ ಬಿತ್ತು. ದರಖಾಸ್ತು, ಬಗರ್ ಹುಕುಂ ಜಮೀನಾದರೆ ಮಂಜೂರಾತಿಯ ಷರತ್ತುಗಳನ್ನು ಬೇರೆ ಓದಬೇಕು. ಇದಕ್ಕೆಲ್ಲ ಸಿವಿಲ್ ವ್ಯವಹಾರ ಬಲ್ಲ ವಕೀಲರು ಬೇಕು. ಅಡಿಕೆ ಚೇಣಿ ಮಾತಾಡುವಾಗ ನಾವು ತೋರಿಸುವ ಎಚ್ಚರದಲ್ಲಿ ಅರ್ಧ ಇಲ್ಲಿ ತೋರಿಸಿದರೂ ಸಾಕು. ವಕೀಲರ ಬಳಿ ಹೋಗುವಾಗ ಪಹಣಿ, ಕ್ರಯಪತ್ರ, ವಂಶವೃಕ್ಷ ತೆಗೆದುಕೊಂಡು ಹೋಗಿ. ವಯಸ್ಸಾಗಿದ್ದರೆ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ವೈದ್ಯರ ಪತ್ರ ಪಡೆಯಿರಿ, ನಿಮಗಿಂತ ಕಿರಿಯರನ್ನು ಸಾಕ್ಷಿ ಮಾಡಿ. ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿ. ಮನಸ್ಸು ಬದಲಾದರೆ ಉಯಿಲನ್ನೂ ಬದಲಾಯಿಸಬಹುದು, ಕೊನೆಯದೇ ಊರ್ಜಿತ.

ಮಠಗಳಿಗೂ ಒಂದು ಮಾತು, ಪೂಜ್ಯರು ಅನ್ಯಥಾ ಭಾವಿಸಬಾರದು. ನಮ್ಮ ಸಮಾಜದ ಅತಿ ದೊಡ್ಡ ವಿದ್ಯಾದಾನಗಳಲ್ಲಿ ಒಂದು ಬಂದದ್ದು ಉಯಿಲಿನಿಂದಲೇ. 1904ರಲ್ಲಿ ಧಾರವಾಡದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದರು. ಆ ಉಯಿಲೂ ಕೋರ್ಟಿನ ಮೆಟ್ಟಿಲು ಹತ್ತಿತು, ಆದರೆ ನಿಂತಿತು. ನವಲಗುಂದ–ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನ ಅದರ ಫಲ. ಎಲ್ಲ ಉಯಿಲುಗಳೂ ಹೀಗೆ ನಿಲ್ಲುವುದಿಲ್ಲ. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಉಯಿಲನ್ನು ಒಪ್ಪಲಿಲ್ಲ. ಉಯಿಲು ತಯಾರಿಸುವುದರಲ್ಲಿ ಮುಂದಾಗಿ ನಿಂತವರ ಮಕ್ಕಳಿಗೇ ಅದರಿಂದ ದೊಡ್ಡ ಲಾಭವಿತ್ತು, ಆ ಸಂಶಯ ನಿವಾರಣೆಯಾಗಲಿಲ್ಲ. ಇಂದಿಗೂ ದೇಶದ ಕೋರ್ಟುಗಳು ಅದನ್ನು ಉದಾಹರಿಸುತ್ತವೆ. ಆದ್ದರಿಂದ ಭಕ್ತರು ಮಠಕ್ಕೆ ಬರೆಯುವಾಗ ಮಠದವರು ಲೇಖನಿ ಹಿಡಿಯಬಾರದು, ಸಾಕ್ಷಿಯಾಗಬಾರದು, ವಕೀಲರ ಫೀಜನ್ನೂ ಕೊಡಬಾರದು. “ಸ್ವಾಮಿಗಳಿಗೆ” ಎಂದು ಬರೆದರೆ ಅದು ವ್ಯಕ್ತಿಗೋ ಪೀಠಕ್ಕೋ ಎಂಬ ಜಗಳಕ್ಕೆ ದಾರಿ. ಸಂಸ್ಥೆಯ ನೋಂದಾಯಿತ ಹೆಸರನ್ನೇ ಬರೆಸಬೇಕು. ಹೆಂಡತಿ ಮಕ್ಕಳ ಜೀವನಕ್ಕೆ ಇಟ್ಟು ಉಳಿದದ್ದು ಮಾತ್ರ ದಾಸೋಹ ಎಂದು ಭಕ್ತರಿಗೆ ಮಠವೇ ಹೇಳಿದರೆ ಇನ್ನೂ ಒಳ್ಳೆಯದು.

ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದಾಗಲೆಲ್ಲ ಅಲ್ಲಿಯ ಶಾಸನದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಮಿತಯ್ಯ ದಂಡನಾಯಕನು 1196ರಲ್ಲಿ ಕಟ್ಟಿಸಿದ ಗುಡಿ, ಶಾಸನ ಬರೆದವನು ಕವಿ ಜನ್ನ. ಅಂದಿನವರು ದಾನ ಕೊಟ್ಟರೆ ಬರೆಯಬಲ್ಲವನನ್ನು ಕರೆಸಿ ಬರೆಸುತ್ತಿದ್ದರು. ಮರಣಶಾಸನ ಎಂಬ ಮಾತಿನಲ್ಲಿ ಆ ಶಾಸನ ಇನ್ನೂ ಉಳಿದಿದೆ.

ನನ್ನ ಉಯಿಲು ಹೋದ ಶ್ರಾವಣದಲ್ಲಿ ನೋಂದಣಿಯಾಯಿತು. ಕರಡು ಓದಿದ ದಿನ ಮನೆಯಾಕೆ ಕಣ್ಣೀರು ಹಾಕಿದರು. ಎರಡು ದಿನ ಬಿಟ್ಟು, “ನನ್ನ ತವರಿನ ಬಂಗಾರ ಇದೆಯಲ್ಲ, ಅದು ಮಗಳಿಗೂ ಸೊಸೆಗೂ ಸಮ ಅಂತ ನಾನೂ ಬರೆಸಬೇಕು, ಆ ವಕೀಲರನ್ನು ಇನ್ನೊಮ್ಮೆ ಕರೆಸಿ” ಎಂದರು. ಕರೆಸಿದ್ದೇನೆ. ದಾಸೋಹದಲ್ಲಿ ಸಿಕ್ಕ ಹಿರಿಯರು ಮಾತ್ರ ಇನ್ನೂ ಫೋನು ಮಾಡಿಲ್ಲ.